ಅರ್ಧ ನೂಲು

ಬಂಗಾರಪೇಟೆ
3 ಜೂನ್ 2024

ವೇಣುಗೋಪಾಲ್ ಮೇಸ್ತ್ರಿಗಳಿಗೆ ಕಲ್ಪನಳ ನಮಸ್ಕಾರಗಳು.

ಹೆಸರು ಹೇಳಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಟ್ರ್ಯಾಪ್ ಶೂಟಿಂಗ್ ಶ್ರೀಧರ್ ಅವರ ಹೆಂಡತಿ ನಾನು. ಮೊದಲು ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಶಾಂತಮ್ಮನವರು ಎತ್ತಿ, "ಅವರಿಗೆ ಈಗ ಎರಡು ಕಿವೀನೂ ಕೇಳಲ್ಲಮ್ಮ. ಮೊಬೈಲ್ ಕೊಟ್ಟರೆ ಟೇಬಲ್ ಮೇಲೆ ಮಗುಚಿ ಇಡ್ತಾರೆ. ಕಾಗದ ಬರಿ, ಎರಡೆರಡು ಸಲ ಓದ್ತಾರೆ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ಕೆ.ಜಿ.ಎಫ್.ಗೂ ನಮ್ಮೂರಿಗೂ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆದರೂ ಬಂದು ಕೇಳಲು ಧೈರ್ಯ ಸಾಲಲಿಲ್ಲ.

ಅವರು ಹೋಗಿ ಒಂದೂವರೆ ವರ್ಷವಾಗುತ್ತಾ ಬಂತು. ಹನ್ನೊಂದನೇ ದಿನಕ್ಕೆ ನೀವು ಬರುತ್ತೀರೆಂದು ಕಾದಿದ್ದೆ. ಸುದ್ದಿ ಮುಟ್ಟಿರಲಿಕ್ಕಿಲ್ಲ ಬಿಡಿ, ದೂರುತ್ತಿಲ್ಲ.

ವಿಷಯ ಇಷ್ಟು. ನಮ್ಮ ಮಗಳು ನವ್ಯಳಿಗೆ ಇಪ್ಪತ್ತೊಂದು ತುಂಬಿತು. ಅಪ್ಪನ ಬಂದೂಕಿನ ಲೈಸೆನ್ಸು ಹೋದ ವಾರ ಅವಳ ಹೆಸರಿಗೆ ಬಂದಿದೆ. ಇಷ್ಟು ದಿನ ಕ್ಲಬ್ಬಿನ ಬಂದೂಕಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ನವೆಂಬರ್‌ನಲ್ಲಿ ರಾಜ್ಯ ತಂಡದ ಆಯ್ಕೆ ಇದೆ, ಅಪ್ಪನ ಬಂದೂಕಿನಲ್ಲೇ ಹೊಡೆಯಬೇಕೆಂದು ಹಟ ಹಿಡಿದಿದ್ದಾಳೆ. ಆದರೆ ಅದರ ಹಿಂಬದಿಯ ಮರ, ಹೆಗಲಿಗೆ ಒತ್ತಿ ಕೆನ್ನೆ ಒರಗಿಸುವ ಆ ಸ್ಟಾಕು, ನೀವು ಅವರ ಆರಡಿ ಮೈಗೆ ಮಾಡಿದ್ದು. ಇವಳ ಹೆಗಲಿಗೆ ಉದ್ದ, ಕೆನ್ನೆಗೆ ತಗ್ಗು.

ಅದನ್ನು ಅವಳ ಅಳತೆಗೆ ಹೊಂದಿಸಿಕೊಡುತ್ತೀರಾ? ನೀವು ಮಾಡಿದ ಮರಕ್ಕೆ ಬೇರೆಯವರ ಅರ ತಾಗಬಾರದು ಅನ್ನುವುದು ನಿಮ್ಮ ಕಟ್ಟಳೆಯೆಂದು ಅವರು ಹೇಳುತ್ತಿದ್ದರು. ಅದಕ್ಕೇ ಇನ್ನೆಲ್ಲೂ ಕೇಳಿಲ್ಲ.

ಇತಿ,
ಕಲ್ಪನ


ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.
14 ಜೂನ್ 2024

ಕಲ್ಪನಮ್ಮನವರಿಗೆ ನಮಸ್ಕಾರ.

ಪತ್ರ ಸಿಕ್ಕಿತು. ಮಗಳಿಗೆ ಬಂದೂಕಿನ ಲೈಸೆನ್ಸು ಸಿಕ್ಕಿದ್ದು ಸಂತೋಷ. ನನಗೆ ಎಪ್ಪತ್ತೊಂದಾದರೂ ಗ್ಯಾಸ್ ಸಿಲಿಂಡರ್ ಬದಲಾಯಿಸಲು ಶಾಂತಮ್ಮ ಪರವಾನಗಿ ಕೊಡುತ್ತಿಲ್ಲ.

ನನ್ನಿಂದ ಈ ಕೆಲಸ ಆಗುವುದಿಲ್ಲ. ಕೈ ನಡುಗುತ್ತದೆ, ಕಣ್ಣೂ ಅಷ್ಟಕ್ಕಷ್ಟೇ. ಬೆಂಗಳೂರಿನಲ್ಲಿ ತಯಾರಿ ಸ್ಟಾಕುಗಳು ಸಿಗುತ್ತವೆ, ತಿರುಪು ತಿರುಗಿಸಿದರೆ ಏರುತ್ತವೆ, ಇಳಿಯುತ್ತವೆ. ಅಂಥದ್ದೊಂದು ಹಾಕಿಸಿ. ಶ್ರೀಧರನ ಮರವನ್ನು ಬಿಚ್ಚಿ ಹಾಗೆಯೇ ಇಡಿ. ದಯವಿಟ್ಟು ಯಾರೂ ಕತ್ತರಿಸಬೇಡಿ.

ಅವನು ನನ್ನ ಶೆಡ್ಡಿಗೆ ಮೊದಲು ಬಂದದ್ದು 2013ರಲ್ಲಿ. ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಎರಕಕ್ಕೆ ಮರದ ಅಚ್ಚು ಮಾಡಿ, ಆಗಷ್ಟೇ ನಿವೃತ್ತನಾಗಿದ್ದೆ. ಹೊತ್ತು ಹೋಗದೆ ದೇವರ ಮಂಟಪ ಮಾಡುತ್ತಿದ್ದೆ. ಇವನು ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. "ಮೇಸ್ತ್ರಿ, ಈ ಗನ್ನು ಕೆನ್ನೆಗೆ ಗುದ್ದುತೈತೆ. ಯಾರೋ ಇಟಲಿಯವನ ಮಕಕ್ಕೆ ಮಾಡಿರೋದು. ನನ್ ಮಕಕ್ಕೊಂದು ಮಾಡ್ಕೊಡಿ" ಎಂದ. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಅವನಪ್ಪ ರಾಮಚಂದ್ರಪ್ಪನವರು ಇಟ್ಟುಕೊಂಡಿದ್ದ ಹಳೇ ಬಂದೂಕಿನಲ್ಲಿ ಗುರಿ ಕಲಿತ ರೈತನ ಮಗ. ನಾನೋ, ಬಂದೂಕನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಇಬ್ಬರೂ ಕೂಡಿ ಕಲಿತೆವು. ನಾಲ್ಕು ತಿಂಗಳು ಹಿಡಿಯಿತು. ಮುಖದ ಅಳತೆ ತೆಗೆದು ಮೊದಲು ಮೂರು ಸ್ಟಾಕು ಹಗುರ ಮರದಲ್ಲಿ ಮಾಡಿ ಕೆಡಿಸಿದೆ, ನಾಲ್ಕನೆಯದನ್ನು ಕಾಶ್ಮೀರದ ಅಕ್ರೋಟ್ ಹಲಗೆಯಲ್ಲಿ ಮಾಡಿದೆ.

2015ರಲ್ಲಿ ಗಾಳಿಗೆ ಚಿಮ್ಮಿದ ನೂರಿಪ್ಪತ್ತೈದು ಮಣ್ಣಿನ ಬಿಲ್ಲೆಗಳಲ್ಲಿ ನೂರಿಪ್ಪತ್ತೊಂದನ್ನು ಪುಡಿ ಮಾಡಿ ರಾಜ್ಯದ ಚಿನ್ನ ಗೆದ್ದನಲ್ಲ, ಬೆಂಗಳೂರಿನಿಂದ ನೇರ ನನ್ನ ಶೆಡ್ಡಿಗೇ ಬಂದ. ಪದಕ ತೆಗೆದು ಸ್ಟಾಕಿನ ಕುತ್ತಿಗೆಗೆ ಹಾಕಿದ. "ನಾನ್ ಬರೀ ಕುದುರೆ ಎಳ್ದೋನು" ಎಂದ, ಬಂದೂಕಿನ ಕುದುರೆಯನ್ನು ತೋರಿಸಿ. ಅಂಥ ಮನುಷ್ಯ.

ತೀರಿಹೋದ ಸುದ್ದಿ ನನಗೆ ತುಂಬಾ ತಡವಾಗಿ ತಿಳಿಯಿತು. ಬರಲಾಗಲಿಲ್ಲ.

ವೇಣುಗೋಪಾಲ್


ಬಂಗಾರಪೇಟೆ
2 ಜುಲೈ 2024

ಮೇಸ್ತ್ರಿಗಳಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ನವ್ಯ ಜೋರಾಗಿ ಓದಿದಳು. ಪದಕದ ಸಂಗತಿ ನಮಗೆ ಗೊತ್ತೇ ಇರಲಿಲ್ಲ. ಅದನ್ನು ಕೇಳಿ ಅತ್ತೆ ಅಕ್ಕಯ್ಯಮ್ಮ ಬಹಳ ಅತ್ತರು.

ಆದರೆ ನೀವು ಒಲ್ಲೆ ಎಂದದ್ದಕ್ಕೆ ಕಾರಣ ಕೈ ನಡುಕವಲ್ಲ ಎಂದು ನನಗೆ ಅನಿಸುತ್ತಿದೆ. ನಿಮ್ಮ ಕೈಬರಹ ಮುತ್ತು ಪೋಣಿಸಿದ ಹಾಗಿದೆ. ನಿಮಗೆ ಯಾರೋ ಹೇಳಿರಬೇಕು. ಆದ್ದರಿಂದ ನಾನೇ ಒಪ್ಪಿಕೊಂಡುಬಿಡುತ್ತೇನೆ.

ಅವರು ನಿಮ್ಮ ಮರಕ್ಕೆ ಪ್ಲಾಸ್ಟರ್ ಅಂಟಿಸಿದ್ದರು. ಗಾಯಕ್ಕೆ ಹಾಕುವ ಬಟ್ಟೆಯ ಪ್ಲಾಸ್ಟರ್. ಕೆನ್ನೆ ಒರಗುವ ಏಣಿನ ಮೇಲೆ, ಒಂದರ ಮೇಲೊಂದು. ಹೊಟ್ಟೆಯ ಕ್ಯಾನ್ಸರಿನಲ್ಲಿ ಎಪ್ಪತ್ತೆಂಟು ಕಿಲೋದಿಂದ ಐವತ್ತನಾಲ್ಕಕ್ಕೆ ಇಳಿದರು. ಕೆನ್ನೆ ಒಳಗೆ ಹೋದಂತೆಲ್ಲ ಕಣ್ಣು ಕೆಳಗೆ ಬೀಳುತ್ತದೆ, ಗುಂಡು ಬಿಲ್ಲೆಯ ಕೆಳಗೆ ಹೋಗುತ್ತದೆ ಎನ್ನುತ್ತಿದ್ದರು. ಹೊಡೆಯಲು ಶಕ್ತಿ ಇಲ್ಲದಿದ್ದಾಗಲೂ ಹಟ್ಟಿ ಮುಂದೆ ಕುರ್ಚಿಯಲ್ಲಿ ಕೂತು ಖಾಲಿ ಬಂದೂಕನ್ನು ಹೆಗಲಿಗೇರಿಸಿ ನೋಡುತ್ತಿದ್ದರು. ಗುರಿ ಸರಿಯಾಗಿ ಕಾಣಿಸದಿದ್ದರೆ ಇನ್ನೊಂದು ಪದರ.

ಕೊನೆಯ ವಾರ ನನ್ನನ್ನು ಕರೆದು, "ಅದನ್ನೆಲ್ಲ ಕಿತ್ತು ಸ್ಪಿರಿಟ್‌ನಾಗೆ ಒರ್ಸಿಬಿಡು. ಮೇಸ್ತ್ರಿ ನೋಡಿದ್ರೆ ನೊಂದ್ಕೊಂತಾರೆ" ಎಂದರು. ಕಿತ್ತು ಒರೆಸಿದ್ದೇನೆ. ಆದರೂ ಅಂಟಿನ ಗುರುತು ಉಳಿದಿದೆ. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಅವರಿಗೆ ನಿಮ್ಮ ಮೇಲೆ ಎಳ್ಳಷ್ಟೂ ಬೇಸರವಿರಲಿಲ್ಲ. ಕೊನೆಯ ಸಲ ಆಯುಧ ಪೂಜೆಗೆ ನಿಮ್ಮಲ್ಲಿಗೆ ಬಂದು ಹೋದಾಗಲೂ ನಗುತ್ತಲೇ ಇದ್ದರು. "ಮೇಸ್ತ್ರಿ ಉಸ್ಲಿ ಕೊಟ್ರು. ಮರ ಸರಿಯಾಗೈತಂತೆ, ನಂದೇ ತಪ್ಪಂತೆ" ಎಂದರು.

ಮಗಳ ಮೇಲೆ ಆ ಸಿಟ್ಟು ಬೇಡ.

ಕಲ್ಪನ


ರಾಬರ್ಟ್‌ಸನ್‌ಪೇಟೆ
20 ಆಗಸ್ಟ್ 2024

ಕಲ್ಪನಮ್ಮನವರಿಗೆ,

ಉತ್ತರ ತಡವಾಯಿತು.

ಪ್ಲಾಸ್ಟರ್ ಎಷ್ಟು ಪದರ ಇತ್ತು? ಮೊದಲನೆಯದನ್ನು ಯಾವಾಗ ಹಾಕಿದ? ನೆನಪಿದ್ದರೆ ತಿಳಿಸಿ.

ವೇಣುಗೋಪಾಲ್


ಬಂಗಾರಪೇಟೆ
29 ಆಗಸ್ಟ್ 2024

ಮೇಸ್ತ್ರಿಗಳಿಗೆ,

ಏಳು ವಾರ ಕಾದದ್ದು ಈ ಮೂರು ಸಾಲಿಗಾ? ಸತ್ತವರು ಎಷ್ಟು ತಪ್ಪು ಮಾಡಿದ್ದಾರೆಂದು ಎಣಿಸಿ ಏನು ಮಾಡುತ್ತೀರಿ? ನನಗೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ.

ಹನ್ನೊಂದು ಪದರ. ಕಿತ್ತವಳು ನಾನು, ಎಸೆಯಲು ಮನಸ್ಸು ಬರಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದೆ. ಒಂದೊಂದರ ಮೇಲೂ ಪೆನ್ನಿನಲ್ಲಿ ತಾರೀಖು ಬರೆದಿದ್ದಾರೆ, ನೀವೇ ಓದಿಕೊಳ್ಳಿ. ನಾನು ಹಾಲಿನ ಡೈರಿಯ ಕಾರ್ಯದರ್ಶಿ, ನಮ್ಮ ವ್ಯಾನಿನ ಮುನಿರಾಜು ದಿನಾ ರಾಬರ್ಟ್‌ಸನ್‌ಪೇಟೆಗೆ ಬರುತ್ತಾನೆ. ಅವನ ಕೈಯಲ್ಲಿ ಆ ಬಾಟಲಿಯನ್ನೂ ಬಂದೂಕಿನಿಂದ ಬಿಚ್ಚಿದ ಸ್ಟಾಕನ್ನೂ ಕಳಿಸುತ್ತಿದ್ದೇನೆ. ಮಾಡುವುದಾದರೆ ಮಾಡಿ. ಇಲ್ಲವಾದರೆ ಒಂದು ವಾರದಲ್ಲಿ ಅವನ ಕೈಗೇ ವಾಪಸ್ ಕೊಡಿ. ನವ್ಯ ಎರವಲು ಬಂದೂಕಿನಲ್ಲಿ ಹೊಡೆಯುತ್ತಾಳೆ.

ಕಲ್ಪನ


ರಾಬರ್ಟ್‌ಸನ್‌ಪೇಟೆ
8 ಸೆಪ್ಟೆಂಬರ್ 2024

ಅಮ್ಮಾ ಕಲ್ಪನ,

ಎರಡೂ ತಲುಪಿದವು. ಹನ್ನೊಂದು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಅಳೆದೆ. ಒಟ್ಟು ಒಂದು ನೂಲು ದಪ್ಪ. ನಮ್ಮ ಮರಗೆಲಸದಲ್ಲಿ ಅಂಗುಲದ ಎಂಟನೇ ಒಂದು ಭಾಗಕ್ಕೆ ನೂಲು ಅನ್ನುತ್ತೇವೆ. ಅತ್ಯಂತ ಕೆಳಗಿನ ಪಟ್ಟಿಯ ತಾರೀಖು 15 ಅಕ್ಟೋಬರ್ 2021. ಅದು ವಿಜಯದಶಮಿ. ಅದರ ಹಿಂದಿನ ದಿನ ಆಯುಧ ಪೂಜೆ.

ಇನ್ನು ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ. ಕ್ಷಮೆ ಕೇಳಬೇಕಾದವರು ನೀವಲ್ಲ.

ನಿಮಗೇ ಗೊತ್ತು, ಪ್ರತಿ ಆಯುಧ ಪೂಜೆಗೆ ಅವನು ಬಂದೂಕು ತಂದು ನನ್ನ ಉಳಿ, ಕೀಸುಳಿಗಳ ಪಕ್ಕದಲ್ಲಿಟ್ಟು ಪೂಜೆ ಮಾಡಿಸುತ್ತಿದ್ದ. ಆ ದಿನವೂ ಬಂದ. ಆಗ ನನ್ನ ಎಡಗಿವಿ ಇನ್ನೂ ಕೆಲಸ ಮಾಡುತ್ತಿತ್ತು, ಅವನು ಹೇಳಿದ್ದು ಒಂದೂ ಬಿಡದೆ ಕೇಳಿಸಿತು. "ಮೇಸ್ತ್ರಿ, ಯಾಕೋ ಕಣ್ಣು ಕೆಳಕ್ ಬೀಳ್ತೈತೆ. ಅರ್ಧ ನೂಲು ಎತ್ರ ಮಾಡ್ಕೊಡಿ" ಎಂದ.

ಪೂಜೆಯಾದ ಮೇಲೆ ಆ ದಿನ ಆಯುಧ ಮುಟ್ಟುವ ಹಾಗಿಲ್ಲ. ನಾಳೆ ಬಾ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮಾಡಿದ ಮರದಲ್ಲಿ ತಪ್ಪು ಹುಡುಕುತ್ತಾನೆಂದು ನನಗೆ ಉರಿಯಿತು. 2013ರಲ್ಲಿ ಅವನ ಮುಖದ ಅಳತೆಗೆ ಪ್ಲೈವುಡ್ಡಿನ ಅಚ್ಚೊಂದನ್ನು ಕತ್ತರಿಸಿ ಗೋಡೆಗೆ ನೇತುಹಾಕಿದ್ದೆ. ಅದನ್ನು ತಂದು ಮರಕ್ಕೆ ಹಿಡಿದೆ. ಕೂದಲೆಳೆಯಷ್ಟೂ ಸಂದಿಯಿಲ್ಲ. ಪ್ಯಾಟರ್ನ್ ಶಾಪಿನಲ್ಲಿ ನಾವು ಕಲಿತದ್ದು ಅದೇ, ಅಚ್ಚು ಸರಿಯಿದ್ದರೆ ತಪ್ಪು ಎರಕದ್ದು. ಆ ಅಚ್ಚನ್ನು ಮರಕ್ಕೆ ಹಿಡಿದವನು ಒಂದೇ ಒಂದು ಸಲ ಅವನ ಮುಖಕ್ಕೆ ಹಿಡಿದು ನೋಡಲಿಲ್ಲ. ಅವನು ಎರಡಡಿ ದೂರದಲ್ಲಿ ನಿಂತಿದ್ದ.

ಪೂಜೆಗೆ ಬಂದಿದ್ದ ಹಳೆಯ ಸಹೋದ್ಯೋಗಿಗಳು ನಾಲ್ಕು ಜನ ಇದ್ದರು. ಅವರೆದುರಿಗೆ ಅಂದೆ: "ಮರ ಸರಿಯಾಗಿದೆ ಕಣಯ್ಯಾ. ಕೆಟ್ಟಿರೋದು ನಿನ್ನ ಮುಖ. ಹೋಗಿ ಕನ್ನಡಿ ನೋಡ್ಕೋ." ಎಲ್ಲರೂ ನಕ್ಕರು. ಅವನೂ ನಕ್ಕ. "ಓಗ್ಲಿ ಬಿಡಿ ಮೇಸ್ತ್ರಿ, ಮಕಾನೇ ರಿಪೇರಿ ಮಾಡುಸ್ಕೊಂತೀನಿ" ಎಂದು ಉಸ್ಲಿಯ ದೊನ್ನೆಯನ್ನು ಅರ್ಧಕ್ಕೇ ಇಟ್ಟು ಹೋದ. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕಾಲರ್ ಸಡಿಲವಾಗಿದ್ದನ್ನು ನೋಡಿದ್ದೆ, ಕಲ್ಪನ. ದವಡೆ ಎದ್ದು ಕಾಣುತ್ತಿದ್ದುದನ್ನೂ ನೋಡಿದ್ದೆ. ಎಂಟು ವರ್ಷ ಎಡೆಬಿಡದೆ ಅದೇ ಮುಖ ನೋಡಿದವನು ನಾನು, ನನಗೆ ಕಾಣದೆ ಇನ್ಯಾರಿಗೆ ಕಾಣಬೇಕು? ಪಥ್ಯ ಮಾಡುತ್ತಿದ್ದಾನೆಂದು ಅಂದುಕೊಂಡೆ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳು. ಏನೂ ಅಂದುಕೊಳ್ಳಲಿಲ್ಲ. ನನಗೆ ನನ್ನ ಮರದ ಚಿಂತೆಯಾಗಿತ್ತು.

ಸಾವಿನ ಸುದ್ದಿ ತಡವಾಗಿ ತಿಳಿಯಿತೆಂದು ಬರೆದಿದ್ದೆನಲ್ಲ, ಅದೇ ದಿನ ತಿಳಿದಿತ್ತು. ಹನ್ನೊಂದನೇ ದಿನ ಬಸ್ಸು ಹತ್ತಿ ನಿಮ್ಮೂರಿಗೂ ಬಂದೆ. ನಿಮ್ಮ ಗೇಟಿನ ಎದುರು ಹೊಂಗೆ ಮರದ ಕೆಳಗೆ ನಿಂತೆ. ಒಳಗೆ ಫ್ಲೆಕ್ಸಿನಲ್ಲಿ ಅವನ ಫೋಟೊ ಕಂಡಿತು, ಕೊನೆಯ ದಿನಗಳದ್ದು. ಆ ಕೆನ್ನೆ ನೋಡಿದೆ. ಅರ್ಧ ನೂಲು ಎಂದು ಯಾಕೆ ಕೇಳಿದ್ದನೆಂದು ಅಲ್ಲಿ ಅರ್ಥವಾಯಿತು. ಒಳಗೆ ಬರಲಿಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಬಂದೆ.

ಇಷ್ಟು ತಿಳಿದ ಮೇಲೂ ನಾನು ಆ ಮರ ಮುಟ್ಟಬೇಕೆಂದು ನೀವು ಹೇಳಿದರೆ ಮುಟ್ಟುತ್ತೇನೆ. ಬೇಡವೆಂದರೆ ಮುನಿರಾಜುವಿನ ಕೈಗೆ ಕೊಡುತ್ತೇನೆ. ನಿಮ್ಮ ಮಾತಿಗೆ ಕಾಯುತ್ತೇನೆ.

ವೇಣುಗೋಪಾಲ್


ಬಂಗಾರಪೇಟೆ
5 ಅಕ್ಟೋಬರ್ 2024

ಮೇಸ್ತ್ರಿಗಳಿಗೆ,

ನಾಲ್ಕು ಸಲ ಬರೆದು ಹರಿದೆ.

ಅವರ ಕಾಯಿಲೆ ಗೊತ್ತಾದದ್ದು 2022ರ ಫೆಬ್ರವರಿಯಲ್ಲಿ. "ಮೂರು ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ನೋಡಬಹುದಿತ್ತು" ಎಂದರು ಡಾಕ್ಟರು. ಫೆಬ್ರವರಿಯಿಂದ ಹಿಂದಕ್ಕೆ ನಾಲ್ಕು ತಿಂಗಳು ಎಣಿಸಿದರೆ ನಿಮ್ಮ ಆಯುಧ ಪೂಜೆ. ನಿಮ್ಮ ಪತ್ರ ಓದಿದ ದಿನ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡಲೂ ನನ್ನಿಂದಾಗಲಿಲ್ಲ. ಯಾಕಯ್ಯಾ ಹೀಗಾಗಿದ್ದೀಯ, ಊಟ ಸೇರುತ್ತಿಲ್ಲವೇ ಎಂದು ಒಂದು ಮಾತು ಕೇಳಬಾರದಿತ್ತೇ? ನೀವು ಹೇಳಿದರೆ ಅವರು ಕೇಳುತ್ತಿದ್ದರು. ನನ್ನ ಮಾತಿಗಿಂತ ನಿಮ್ಮ ಮಾತಿಗೆ ಬೆಲೆ ಹೆಚ್ಚಿತ್ತು.

ಮೂರು ವಾರ ನಿಮ್ಮನ್ನು ಬೈದುಕೊಂಡೆ. ಆಮೇಲೆ ಅವರ ಬೆಲ್ಟು ಕೈಗೆ ಸಿಕ್ಕಿತು. ಅದರಲ್ಲಿ ಎರಡು ಹೊಸ ತೂತುಗಳಿವೆ. ಮೊಳೆ ಕಾಯಿಸಿ ಹೊಡೆದುಕೊಟ್ಟವಳು ನಾನು. ಆ ದಸರಾದಲ್ಲೇ. "ಅಂತೂ ಹೊಟ್ಟೆ ಕರಗ್ತಲ್ಲ, ಮದುವೆ ಗಂಡಿನಂಗ್ ಕಾಣ್ತೀರ" ಎಂದು ನಗಾಡಿದ್ದೆ. ಕೆಟ್ಟಿದೆ ಎಂದಾದರೂ ಹೇಳಿದವರು ನೀವೊಬ್ಬರು. ಎದುರಿಗೇ ಕೂತು ಬಡಿಸುತ್ತಿದ್ದ ನಾನು ಚೆಂದ ಕಾಣುತ್ತೀರಿ ಎಂದೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಈಗಲೇ ಕ್ಷಮಿಸು ಎಂದರೆ ನನ್ನ ಹತ್ತಿರ ಕ್ಷಮೆ ಇಲ್ಲ. ನಿಮಗೂ ಇಲ್ಲ, ನನಗೂ ಇಲ್ಲ. ಆದರೆ ನವ್ಯಳ ಆಯ್ಕೆಗೆ ಇನ್ನು ಆರು ವಾರ. ಹನ್ನೊಂದನೇ ತಾರೀಖು ಶುಕ್ರವಾರ ಬೆಳಿಗ್ಗೆ ಅವಳು ಬಂದೂಕು ತೆಗೆದುಕೊಂಡು ಬರುತ್ತಾಳೆ. ಅವಳಿಗೆ ಕಾಲೇಜು ರಜ ಇರುವುದು ಆಗಲೇ. ಆ ದಿನ ಆಯುಧ ಪೂಜೆ ಎಂದು ನನಗೂ ಗೊತ್ತಿದೆ.

ಅಚ್ಚು ಬೇಡ. ಅವಳ ಮುಖ ನೋಡಿ ಅಳತೆ ತೆಗೆದುಕೊಳ್ಳಿ.

ಕಲ್ಪನ


ರಾಬರ್ಟ್‌ಸನ್‌ಪೇಟೆ
14 ಅಕ್ಟೋಬರ್ 2024

ಅಮ್ಮಾ ಕಲ್ಪನ,

ನವ್ಯ ಶುಕ್ರವಾರ ಎಂಟು ಗಂಟೆಗೇ ಬಂದಳು. ಬಾಗಿಲಲ್ಲಿ ಬಗ್ಗಿದಳು. ಅವಳ ಎತ್ತರಕ್ಕೆ ಬಗ್ಗಬೇಕಾಗಿಯೇ ಇಲ್ಲ, ಅಪ್ಪನನ್ನು ನೋಡಿ ಬಂದ ಅಭ್ಯಾಸವಿರಬೇಕು.

ಪೂಜೆ ಆಗಲೇ ಮುಗಿದಿತ್ತು. ಉಳಿಗಳಿಗೆ ಕುಂಕುಮ ಇಟ್ಟಾಗಿತ್ತು. ಅವಳು ಸ್ಟಾಕನ್ನು ಜೋಡಿಸಿ ಬಂದೂಕನ್ನು ಹೆಗಲಿಗೇರಿಸಿ ಕೆನ್ನೆ ಇಟ್ಟಳು. ಎದುರು ನಿಂತು, ಪಕ್ಕಕ್ಕೆ ನಿಂತು, ಅವಳ ಕಣ್ಣಿನ ಎತ್ತರವನ್ನು ಒಂಬತ್ತು ಸಲ ಅಳೆದೆ. ಶಾಂತಮ್ಮನನ್ನು ಕರೆದು ಅವಳ ಕೈಯಿಂದಲೂ ಅಳತೆ ಓದಿಸಿದೆ. ಬೆಳಿಗ್ಗೆ ಏನು ತಿಂದೆ, ತೂಕ ಎಷ್ಟು, ರಾತ್ರಿ ನಿದ್ದೆ ಬರುತ್ತದಾ ಎಂದೆಲ್ಲ ಕೇಳಿದೆ. ಈ ಮುದುಕನಿಗೆ ಅರಳುಮರಳು ಎಂದುಕೊಂಡಿರುತ್ತಾಳೆ. ಚೆನ್ನಾಗಿದ್ದಾಳೆ, ಯೋಚನೆ ಬೇಡ. ಮೂರು ದೋಸೆ ತಿಂದಳು.

ಹಿಂದೆ ಮುಕ್ಕಾಲು ಅಂಗುಲ ಕಡಿಮೆ ಮಾಡಬೇಕು, ಕೆನ್ನೆಯ ಕಡೆ ಒಂದೂವರೆ ನೂಲು ಏರಿಸಬೇಕು ಎಂದೆ. ನನ್ನೊಡನೆ ಮಾತಾಡಲು ಇಟ್ಟಿರುವ ಸ್ಲೇಟಿನಲ್ಲಿ ಅವಳು ಬರೆದಳು: "ಏರಿಸೋಕೆ ಎಷ್ಟು ದಿನ ಬೇಕು ತಾತ?"

ಅಟ್ಟ ಹತ್ತಿದೆ. 2013ರಲ್ಲಿ ಸ್ಟಾಕು ಕಡೆದಾಗ ಉಳಿದ ಅಕ್ರೋಟ್ ತುಂಡು ಅಲ್ಲೇ ಇತ್ತು, ಅದೇ ಹಲಗೆ, ಅದೇ ನಾರು. ಮುಂದೆ ಬೇಕಾದೀತೆಂದು ನಾನೇ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆ. ಅವನು ಕೇಳಿದ ದಿನವೂ ಅದು ಅಲ್ಲೇ ಇತ್ತು, ಅವನ ತಲೆಯ ಮೇಲೆಯೇ. ಕೆಳಗೆ ತಂದು, ಕುಂಕುಮ ಇಟ್ಟಿದ್ದ ಉಳಿಯನ್ನೇ ಕೈಗೆ ತೆಗೆದುಕೊಂಡೆ. ಶಾಂತಮ್ಮ ಕೈ ಹಿಡಿದಳು. "ರೀ, ಇವತ್ತು ಉಳಿ ಮುಟ್ತೀರಾ?" ಎಂದಿರಬೇಕು, ತುಟಿ ಹಾಗೆ ಆಡಿತು. ಕೈ ಬಿಡಿಸಿಕೊಂಡೆ. ಆಮೇಲೆ ಅವಳೇ ಪಕ್ಕದಲ್ಲಿ ಕೂತು ಹಲಗೆ ಅಲುಗದಂತೆ ಹಿಡಿದುಕೊಂಡಳು.

ಒಂಬತ್ತಕ್ಕೆ ಶುರು ಮಾಡಿದ್ದು, ಹನ್ನೆರಡಕ್ಕೆ ಹಳೆಯದರ ಮೇಲೆ ಹೊಸ ಏಣು ಕೂತಿತು. ಇಷ್ಟೇ ಕಲ್ಪನ. ಮೂರು ಗಂಟೆಯ ಕೆಲಸ. ಅದೂ ಎಪ್ಪತ್ತೊಂದರ ಈ ಕೈಯಲ್ಲಿ.

ಅದನ್ನು ಅಂಟು ಹಾಕಿ ಕೂರಿಸಿಲ್ಲ, ಎರಡು ತಿರುಪಿನ ಮೇಲೆ ನಿಲ್ಲಿಸಿದ್ದೇನೆ. ತಿರುಪುಳಿಯನ್ನು ನವ್ಯಳ ಕೈಗೇ ಕೊಟ್ಟಿದ್ದೇನೆ. ಮುಖ ಬದಲಾದರೆ ನನ್ನನ್ನು ಕೇಳುವುದು ಬೇಡ, ಏರಿಸಿಕೊಳ್ಳಲಿ, ಇಳಿಸಿಕೊಳ್ಳಲಿ, ಬೇಕಾದರೆ ಪ್ಲಾಸ್ಟರ್ ಹಾಕಲಿ. ಹಿಂದಿನ ಮುಕ್ಕಾಲು ಅಂಗುಲವನ್ನು ಶನಿವಾರ ಕತ್ತರಿಸಿದೆ. ಹತ್ತು ದಿನ ಅಂಗೈಯಲ್ಲಿ ಅಗಸೆ ಎಣ್ಣೆ ಉಜ್ಜಬೇಕು, ಅದನ್ನು ಅವಳೇ ಮಾಡಲಿ. ನಾಳೆ ಮುನಿರಾಜುವಿನ ಕೈಯಲ್ಲಿ ಸ್ಟಾಕು ಬರುತ್ತದೆ. ಅಂಟಿನ ಗುರುತುಗಳನ್ನು ನಾನು ಉಜ್ಜಿ ತೆಗೆಯಲಿಲ್ಲ. ಅವು ಏಣಿನ ಕೆಳಗೆ ಹಾಗೆಯೇ ಇವೆ.

ಪ್ಲೈವುಡ್ಡಿನ ಅಚ್ಚು ಇನ್ನೂ ಗೋಡೆಯ ಮೇಲಿದೆ. ಒಲೆಗೆ ಹಾಕಲು ಹೋಗಿದ್ದೆ, ಆಗಲಿಲ್ಲ. ಅದು ಅವನು ಚೆನ್ನಾಗಿದ್ದಾಗಿನ ಮುಖ.

ವೇಣುಗೋಪಾಲ್


ಬಂಗಾರಪೇಟೆ
24 ನವೆಂಬರ್ 2024

ಮೇಸ್ತ್ರಿಗಳಿಗೆ ನಮಸ್ಕಾರಗಳು.

"ಮೂರು ಗಂಟೆಯ ಕೆಲಸ" ಎಂದು ನೀವು ಬರೆದದ್ದನ್ನು ಓದಿ ಎರಡು ದಿನ ಆ ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ತಳ್ಳಿಟ್ಟಿದ್ದೆ. ಅದನ್ನು ಬರೆಯದೆ ಬಿಡಬಹುದಿತ್ತು. ಬರೆದದ್ದೇ ಒಳ್ಳೆಯದಾಯಿತು.

ನವ್ಯ ನೂರಾ ಆರು ಹೊಡೆದಳು. ಆಯ್ಕೆಗೆ ಎರಡು ಬಿಲ್ಲೆ ಕಡಿಮೆ ಬಿತ್ತು. ಬಸ್ಸಿಳಿದು ಬಂದವಳೇ, "ಮರದ ತಪ್ಪಲ್ಲಮ್ಮ, ಸರಿಯಾಗೇ ಕೂತಿತ್ತು" ಎಂದಳು. ನಿನ್ನ ಮುಖದ ತಪ್ಪೂ ಅಲ್ಲ, ಮೊದಲು ಊಟ ಮಾಡು ಎಂದೆ. ಮುಂದಿನ ವರ್ಷ ಮತ್ತೆ ಹೋಗುತ್ತಾಳೆ. ಬೆಳಿಗ್ಗೆ ಕಾಫಿಗೂ ಮೊದಲು ಎಣ್ಣೆ ಉಜ್ಜುತ್ತಾ ಕೂರುತ್ತಾಳೆ, ಮನೆಯೆಲ್ಲ ಅಗಸೆ ವಾಸನೆ. ಅವರಿದ್ದಾಗಲೂ ಹೀಗೇ ಇತ್ತು.

ಜನವರಿ ಹತ್ತೊಂಬತ್ತಕ್ಕೆ ಅವರ ಎರಡನೇ ವರ್ಷದ ಕಾರ್ಯ. ಶಾಂತಮ್ಮನವರನ್ನೂ ಕರೆದುಕೊಂಡು ಬನ್ನಿ. ಬರುವಾಗ ಗೋಡೆಯ ಮೇಲಿನ ಆ ಅಚ್ಚನ್ನು ತನ್ನಿ. ಫ್ಲೆಕ್ಸಿನಲ್ಲಿರುವ ಮುಖವನ್ನೇ ನೋಡಿ ನೋಡಿ ಅತ್ತೆಗೆ ಮಗನ ಮೊದಲಿನ ಮುಖ ಮರೆಯುತ್ತಿದೆಯಂತೆ. ಕೈಯಲ್ಲಿ ಸವರಿ ನೋಡಲಿ.

ನಿಮ್ಮನ್ನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಹೊಂಗೆ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಒಳಗೆ ಬನ್ನಿ, ಎಲೆ ಹಾಕಿಸಿರುತ್ತೇನೆ.

ಕಲ್ಪನ